ಇಂಟರ್ನೆಟ್ ರೌಟಿಂಗ್ ಆಳಕ್ಕಿಳಿದು ಕಲೀಬೇಕಂದ್ರ ಏನ್ ಓದ್ಬೇಕು, ಹೆಂಗ ಓದ್ಬೇಕು: ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನಿಯಿಂದ ದೋಸ್ತನ ಅಂಗಡಿಗಿ ನಡಕೊಂತ ಹೋಗಬಹುದು, ಸೂಪರ್ ಮಾರ್ಕೆಟ್ ಕಡಿ ಅದ. ಅಂವ ಸಿಸಿಟಿವಿ ಸಲುವಾಗಿ ಒಂದ್ ಸ್ಟ್ಯಾಟಿಕ್ ಐಪಿ ತಗೊಂಡಾನ, ಅವನ ಕನೆಕ್ಷನ್ ಒಂದ್ ಕಂಪನಿದು, ನಂದು ಇನ್ನೊಂದ್ ಕಂಪನಿದು. ಒಂದಿನ ಸುಮ್ನ ಕೂತಾಗ ಅವನ ಐಪಿಗಿ ಟ್ರೇಸ್‌ರೌಟ್ (ಪ್ಯಾಕೆಟ್ಟು ಯಾವ ಯಾವ ರೌಟರ್ ದಾಟಿ ಹೋಗ್ತದ ಅಂತ ತೋರಿಸೋ ಕಮಾಂಡ್) ಹೊಡ್ದು ನೋಡ್ದೆ, ಪ್ಯಾಕೆಟ್ಟು ಕಲಬುರಗಿ ಬಿಟ್ಟು ಸೀದಾ ಮುಂಬೈಗಿ ಹೋಗಿ ಅಲ್ಲಿಂದ ತಿರುಗಿ ಕಲಬುರಗಿಗೇ ಬಂದಿತ್ತು, ಐನೂರು ಕಿಲೋಮೀಟರಿಗಿಂತ ಜಾಸ್ತಿ ಹೋಗೋದು, ಮತ್ತ ಅಷ್ಟೇ ಬರೋದು. ಎರಡೂ ಕಂಪನಿ ಒಂದಕ್ಕೊಂದು ಕೈ ಕೂಡಿಸೋದು ಮುಂಬೈನಾಗ ಅಷ್ಟೇ, ಅದಕ್ಕ ಹಿಂಗ. ಇದು ತಿಳಿದ ದಿನ ನನ್ಗ ರೌಟಿಂಗ್ ಅಂದ್ರ ಏನಂತ ಖರೇ ಗೊತ್ತಾಯ್ತು. ಸಮೀಪದ ದಾರಿ ಹುಡುಕೋದು ಮನಿ ಒಳಗಿನ, ಅಂದ್ರ ಒಂದೇ ಕಂಪನಿ ನೆಟ್‌ವರ್ಕಿನ ಒಳಗಿನ ಕೆಲ್ಸ, ಮನಿ ಹೊರಗ ಹೋದ ಮ್ಯಾಲ ಯಾರ ಜೊತಿ ಯಾರ ಕರಾರು ಅದ, ಯಾರು ಯಾರಿಗಿ ರೊಕ್ಕ ಕೊಡ್ತಾರ ಅನ್ನೋದ್ರ ಮ್ಯಾಲ ದಾರಿ ನಿಂತಿರ್ತದ.

ನಮ್ಮ ಕಡಿ ಹುಡುಗ್ರು ಡಿಪ್ಲೊಮಾ, ಇಂಜಿನಿಯರಿಂಗ್ ಮುಗ್ಸಿ ಸಿಸಿಎನ್ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಮಟ್ಟದ ತನಕ ಚಲೋ ಕಲೀತಾರ, ಆಮ್ಯಾಲ ಮುಂದೇನು ಅಂತ ಕೇಳಿದ್ರ ಹೈದರಾಬಾದಿಗಿ ಹೋಗಿ ಇನ್ನೊಂದ್ ಕೋಚಿಂಗ್ ಹಿಡೀಬೇಕು ಅಂತಾರ. ಹೋಗೋರು ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ದೊಡ್ಡ ನೆಟ್‌ವರ್ಕ್ ಹೆಂಗ ಕಟ್ತಾರ, ಬಿಜಿಪಿ (ಒಂದ್ ಕಂಪನಿ ನೆಟ್‌ವರ್ಕು ಇನ್ನೊಂದಕ್ಕ ದಾರಿ ಹೇಳೋ ಪ್ರೋಟೋಕಾಲ್) ಒಳಗ ಹೆಂಗ ನಡೀತದ ಅನ್ನೋದಕ್ಕ ಬೇಕಾದ ಸಾಮಾನೆಲ್ಲಾ ಪುಕ್ಕಟ ಸಿಗ್ತದ, ಕಲಬುರಗಿ, ಬೀದರ್, ಯಾದಗಿರಿ ಎಲ್ಲಿ ಕೂತರೂ ನಡೀತದ. ಸಬ್‌ನೆಟ್ಟಿಂಗ್ ತಲಿಯಾಗೇ ಮಾಡೋಕ ಬರಬೇಕು, ಓಎಸ್‌ಪಿಎಫ್ (ಒಂದೇ ನೆಟ್‌ವರ್ಕಿನ ಒಳಗ ದಾರಿ ಹುಡುಕೋ ಪ್ರೋಟೋಕಾಲ್) ಒಂದ್ಸಲನಾದ್ರೂ ಕಾನ್ಫಿಗರ್ ಮಾಡಿರಬೇಕು, ಲಿನಕ್ಸ್ ಕಮಾಂಡ್ ಲೈನ್ ಅಂದ್ರ ಅಂಜಿಕಿ ಇರಬಾರದು. ಇಷ್ಟಿದ್ರ ಶುರು ಮಾಡ್ರಿ.

ಮೊದಲನೇ ಹೆಜ್ಜಿ: ಜೀವಂತ ಟೇಬಲ್ ನೋಡ್ರಿ

ಪುಸ್ತಕ ಆಮ್ಯಾಲ. ಮೊದ್ಲು ಖರೇ ಇಂಟರ್ನೆಟ್ಟಿನ ರೌಟಿಂಗ್ ಟೇಬಲ್ ಕಣ್ಣಾರೆ ನೋಡ್ರಿ. ಅಮೆರಿಕದ ಒರೆಗಾನ್ ಯೂನಿವರ್ಸಿಟಿಯವ್ರು ರೌಟ್‌ವ್ಯೂಸ್ ಅಂತ ನಡಸ್ತಾರ, ಅಲ್ಲಿನ ರೌಟರಿಗಿ ಯಾರ್ ಬೇಕಾದ್ರೂ ಟೆಲ್ನೆಟ್ ಮಾಡಿ ಒಳಗ ಹೋಗಿ ಶೋ ಕಮಾಂಡ್ ಹೊಡೀಬಹುದು. ಐಪಿವಿ4 ದಾಗ ಈಗ ಸುಮಾರು ಹತ್ತು ಲಕ್ಷ ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ಅವ. ನಿಮ್ಮ ಮನಿ ಪಬ್ಲಿಕ್ ಐಪಿ ಯಾವ ಪ್ರಿಫಿಕ್ಸಿನಾಗ ಬರ್ತದ, ಅದನ್ನ ಯಾವ ಎಎಸ್ (ಒಬ್ಬರದೇ ಆಡಳಿತದಾಗಿರೋ, ತನ್ನದೇ ನಂಬರ್ ಇರೋ ನೆಟ್‌ವರ್ಕ್) ಅನೌನ್ಸ್ ಮಾಡ್ತದ, ಅದರ ಹಿಂದಿನ ಎಎಸ್ ಯಾವ್ದು ಅಂತ ಬರ್ಕೊಳ್ರಿ. ಯುರೋಪಿನ ಕಡಿ ಐಪಿ ವಿಳಾಸ ಹಂಚೋ ಸಂಸ್ಥೆ ರೈಪ್ ಎನ್‌ಸಿಸಿಯವರ ರೈಪ್‌ಸ್ಟಾಟ್‌ನಾಗೂ ಇದೇ ಸಿಗ್ತದ, ಅದರಾಗ ಬಿಜಿಪ್ಲೇ ಅಂತ ಒಂದ್ ಟೂಲ್ ಅದ, ತಾರೀಖು ಟೈಮು ಕೊಟ್ರ ಆವಾಗ ದಾರಿ ಹೆಂಗ ಬದಲಾಯ್ತು ಅಂತ ಚಿತ್ರದಾಗ ಓಡ್ಸಿ ತೋರಿಸ್ತದ. ನಿಮ್ಮ ಓಣಿಯಾಗ ನೆಟ್ ಹೋದಾಗ ನಿಮ್ಮ ಐಎಸ್‌ಪಿ (ನೆಟ್ ಕೊಡೋ ಕಂಪನಿ) ಪ್ರಿಫಿಕ್ಸ್ ಹಾಕಿ ನೋಡ್ರಿ, ಫೈಬರ್ ಕಟ್ಟಾಗಿ ಹೋಗೇದೋ, ಬಿಜಿಪಿನಾಗೇ ಮಾಯ ಆಗೇದೋ ಒಂದ್ ಅಂದಾಜು ಸಿಗ್ತದ.

ಒಂದ್ ವಾರ ದಿನಾ ಅರ್ಧ ತಾಸು ಇಷ್ಟೇ ಮಾಡ್ರಿ, ಸಾಕು.

ಎರಡನೇದು: ಆರ್‌ಎಫ್‌ಸಿ ಓದೋದು, ಆದ್ರ ಮೊದಲ ಪುಟದಿಂದ ಅಲ್ಲ

ಬಿಜಿಪಿ ಹುಟ್ಟಿದ್ದು 1989ರಾಗ, ಕರ್ಕ್ ಲಾಹೀಡ್ ಮತ್ತ ಯಾಕೊವ್ ರೆಕ್ಟರ್ ಊಟದ ಟೇಬಲ್ ಮ್ಯಾಲ ನ್ಯಾಪ್‌ಕಿನ್‌ನಾಗ ಬರ್ದಿದ್ದು ಅಂತ ಪ್ರಸಿದ್ಧ ಅದ. ಈಗ ನಡೀತಿರೋದು 4ನೇ ವರ್ಷನ್, ಅದರ ಆರ್‌ಎಫ್‌ಸಿ (ಪ್ರೋಟೋಕಾಲ್ ಹೆಂಗ ನಡೀಬೇಕಂತ ಬರ್ದಿಟ್ಟ ದಾಖಲೆ) 4271, 2006ರ ಜನವರಿದು, ನೂರು ಪುಟದ ಮ್ಯಾಲ ಅದ. ಬಹಳ ಮಂದಿ ಮೊದಲ ಪುಟದಿಂದ ಹಿಡಿದು ಮೆಸೇಜ್ ಫಾರ್ಮ್ಯಾಟ್ ಬರೋತನಕ ಸುಸ್ತಾಗಿ ಬಿಟ್ಟು ಬಿಡ್ತಾರ. ನೀವು ಸೀದಾ 9ನೇ ಭಾಗಕ್ಕ ಹೋಗ್ರಿ, ಅದರಾಗ 9.1, ಡಿಸಿಷನ್ ಪ್ರೋಸೆಸ್. ಒಂದೇ ಜಾಗಕ್ಕ ನಾಕು ದಾರಿ ಬಂದ್ರ ಒಂದನ್ನ ಹೆಂಗ ಆರಿಸ್ತದ ಅನ್ನೋ ಬಿಜಿಪಿಯ ಜೀವಾಳ ಅಲ್ಲೇ ಅದ. ಅದು ತಿಳಿದ ಮ್ಯಾಲ 5ನೇ ಭಾಗಕ್ಕ ಬರ್ರಿ, ಎಎಸ್ ಪಾತ್, ನೆಕ್ಸ್ಟ್ ಹಾಪ್, ಲೋಕಲ್ ಪ್ರಿಫರೆನ್ಸ್, ಎಂಇಡಿ ಎಲ್ಲಾ ಅಲ್ಲಿ ಅವ, ಈಗ ಅವು ಯಾಕ ಬೇಕಂತ ನಿಮ್ಗ ಗೊತ್ತಿರ್ತದ.

ಕಡೀಗಿ 8ನೇ ಭಾಗ, ಸ್ಟೇಟ್ ಮಷೀನ್. ಇಲ್ಲಿ ಒಂದ್ ಮಾತು ನೆನಪಿಡ್ರಿ, ಆರು ಸ್ಟೇಟ್ ಅವ, ಅದರಾಗ ಆಕ್ಟಿವ್ ಅಂತ ಒಂದದ. ಹೊಸಬ್ರು ಶೋ ಸಮ್ಮರಿನಾಗ ಆಕ್ಟಿವ್ ಅಂತ ಕಂಡ ಕೂಡ್ಲೇ ಹಾಂ ನಡೀಲತದ ಅಂತ ಖುಷಿ ಆಗ್ತಾರ, ಖರೇ ಅಂದ್ರ ಆಕ್ಟಿವ್ ಅಂದ್ರ ಟಿಸಿಪಿ ಕನೆಕ್ಷನ್ನೇ ಇನ್ನಾ ಕೂಡಿಲ್ಲ, ಎದುರಿನವ ಬರ್ತಾನೇನು ಅಂತ ಕಾಯ್ಕೊಂತ ಕೂತದ. ಅಲ್ಲೇ ಸಿಕ್ಕೊಂಡಿದ್ರ 179 ಪೋರ್ಟು ಫೈರ್‌ವಾಲ್‌ನಾಗ ಬಂದ್ ಅದೇನು, ನೇಬರ್ ಐಪಿ ತಪ್ಪೇನು ಅಂತ ನೋಡ್ಬೇಕು. ಎಸ್ಟಾಬ್ಲಿಷ್ಡ್ ಅಂತ ಬಂದ್ರ ಮಾತ್ರ ಸೆಷನ್ ಕೂಡ್ತು.

ಇಂಗ್ಲಿಷ್ ಕಷ್ಟ ಅನ್ನೋರಿಗಿ: ಆರ್‌ಎಫ್‌ಸಿ ಇಂಗ್ಲಿಷು ಕಾದಂಬರಿ ಇಂಗ್ಲಿಷಿನಂಗ ಇರಂಗಿಲ್ಲ, ಅವೇ ಎರಡನೂರು ಮೂನೂರು ಶಬ್ದ ತಿರುಗಿ ತಿರುಗಿ ಬರ್ತಾವ. ಮಸ್ಟ್ ಅಂದ್ರ ಮಾಡಲೇಬೇಕು, ಶುಡ್ ಅಂದ್ರ ಗಟ್ಟಿ ಕಾರಣ ಇಲ್ದ ಬಿಡಬಾರದು, ಮೇ ಅಂದ್ರ ನಿಮ್ಮ ಇಷ್ಟ. ನಾನು ಕನ್ನಡ ಮೀಡಿಯಂನಾಗ ಓದಿದವ, 4271 ಓದೋವಾಗ ಒಂದೊಂದ್ ಪ್ಯಾರಾ ಓದಿ ಕನ್ನಡದಾಗ ನನ್ ನೋಟ್‌ಬುಕ್ಕಿನಾಗ ಬರ್ಕೊಂತ ಹೋದೆ, ಬರಿಯೋಕ ಬರಲಿಲ್ಲ ಅಂದ್ರ ತಿಳಿದಿಲ್ಲ ಅಂತ ಲೆಕ್ಕ, ಮತ್ತೊಮ್ಮೆ ಓದೋದು. ಈ ಪದ್ಧತಿ ನನ್ಗ ಯಾವ ಕೋರ್ಸಿಗಿಂತಲೂ ಜಾಸ್ತಿ ಕೊಟ್ಟದ.

ಇದಾದ ಮ್ಯಾಲ 4456 (ರೌಟ್ ರಿಫ್ಲೆಕ್ಷನ್), 7454 (ಬಿಜಿಪಿ ನಡ್ಸೋದು ಮತ್ತ ಅದರ ಭದ್ರತೆ), 7938 (ಡೇಟಾ ಸೆಂಟರಿನಾಗ ಬಿಜಿಪಿ), 6811 (ಯಾರು ಅನೌನ್ಸ್ ಮಾಡ್ಯಾರ ಅಂತ ಪರೀಕ್ಷೆ ಮಾಡೋದು). ಇವು ಸಣ್ಣವು, ಆದ್ರ ಇವನ್ನ ಈಗೇ ಓದಬ್ಯಾಡ್ರಿ, ಲ್ಯಾಬಿನಾಗ ಅದರ ಅವಶ್ಯಕತಿ ಬಿದ್ದಾಗ ತಗೀರಿ.

ಮೂರನೇದು: ಲ್ಯಾಬ್

ಹಳೇ ರೌಟರ್ ಖರೀದಿ ಮಾಡೋ ಜರೂರತ್ ಇಲ್ಲ. 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪು, ಅದರಾಗ ಉಬುಂಟು, ಅದರ ಮ್ಯಾಲ ಕಂಟೇನರ್‌ಲ್ಯಾಬ್ (ಲ್ಯಾಪ್‌ಟಾಪಿನಾಗೇ ರೌಟರುಗಳ ನೆಟ್‌ವರ್ಕ್ ಕಟ್ಟೋ ಟೂಲ್) ಮತ್ತ ಎಫ್‌ಆರ್‌ಆರ್. ಎಫ್‌ಆರ್‌ಆರ್ ಅಂದ್ರ ಫ್ರೀ ರೇಂಜ್ ರೌಟಿಂಗ್, ಕ್ವಾಗ್ಗಾ ಅನ್ನೋ ಹಳೇ ರೌಟಿಂಗ್ ಸಾಫ್ಟ್‌ವೇರಿನಿಂದ 2017ರಾಗ ಬ್ಯಾರೆ ಆಗಿ ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್, ಖರೇ ನೆಟ್‌ವರ್ಕಿನಾಗೂ ಬಳಸ್ತಾರ. ಕಮಾಂಡುಗಳು ಸಿಸ್ಕೋ ಥರಾನೇ ಅವ, ಅದಕ್ಕ ಸಿಸಿಎನ್ಎ ಮಾಡಿದವರಿಗಿ ಕೈ ಜಲ್ದಿ ಹತ್ತತದ. ಟೊಪಾಲಜಿ (ಯಾವ ರೌಟರ್ ಯಾವುದಕ್ಕ ಕೂಡೇದ ಅನ್ನೋ ನಕ್ಷೆ) ಎಲ್ಲಾ ಒಂದ್ ಟೆಕ್ಸ್ಟ್ ಫೈಲಿನಾಗ ಇರ್ತದ, ಬ್ಯಾಸಗಿಯಾಗ ಮಧ್ಯಾಹ್ನ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬಂದಾದರೂ ಫೈಲ್ ಉಳೀತದ, ಮತ್ತೊಮ್ಮೆ ಒಂದೇ ಕಮಾಂಡಿನಾಗ ಎಲ್ಲಾ ಎದ್ದು ಕೂಡ್ತದ.

ಶುರುನಾಗ ಹೊಸಬ್ರನ್ನ ಕಾಡೋ ಎರಡು ಜಾಗ ಮೊದ್ಲೇ ಹೇಳ್ತೀನಿ. ಡೀಮನ್ಸ್ ಅನ್ನೋ ಫೈಲಿನಾಗ ಬಿಜಿಪಿಡಿ ಎದುರಿಗಿ ನೋ ಅಂತಿರ್ತದ, ಅದನ್ನ ಯೆಸ್ ಮಾಡ್ದೇ ಇದ್ರ ಬಿಜಿಪಿ ಕಮಾಂಡೇ ಸಿಗಂಗಿಲ್ಲ. ಎರಡನೇದು, ಸೆಷನ್ ಕೂಡ್ತದ ಆದ್ರ ಒಂದ್ ರೌಟೂ ಬರಂಗಿಲ್ಲ, ಸಮ್ಮರಿನಾಗ ಪ್ರಿಫಿಕ್ಸ್ ಸಂಖ್ಯೆ ಬರೋ ಜಾಗದಾಗ ಪಾಲಿಸಿ ಅಂತ ಬ್ರ್ಯಾಕೆಟ್‌ನಾಗ ತೋರಿಸ್ತದ. ಇದು ತಪ್ಪಲ್ಲ, 2017ರ ಆರ್‌ಎಫ್‌ಸಿ 8212 ಪ್ರಕಾರ ಹೊರಗಿನವನ ಜೊತಿ ಏನ್ ತಗೋತೀನಿ, ಏನ್ ಕೊಡ್ತೀನಿ ಅಂತ ನೀವು ಬಾಯಿ ಬಿಟ್ಟು ಹೇಳೋತನಕ ರೌಟ್ ಹೋಗಬಾರದು ಬರಬಾರದು. ಅದನ್ನ ಬಂದ್ ಮಾಡೋ ಕಮಾಂಡ್ ಅದ, ಎಲ್ಲಾ ವಿಡಿಯೋದಾಗ ಅದನ್ನೇ ಹೊಡೀರಿ ಅಂತಾರ, ನಾ ಹೇಳ್ತೀನಿ ಹೊಡೀಬ್ಯಾಡ್ರಿ. ಮೊದಲನೇ ದಿನದಿಂದ ಒಳಗ ಒಂದು, ಹೊರಗ ಒಂದು ರೌಟ್‌ಮ್ಯಾಪ್ (ಯಾವ ರೌಟ್ ಬಿಡಬೇಕು, ಯಾವ್ದು ತಡೀಬೇಕು ಅನ್ನೋ ನಿಯಮ) ಬರಿಯೋ ರೂಢಿ ಮಾಡ್ಕೊಳ್ರಿ, ಮುಂದ ಇದೇ ನಿಮ್ಮನ್ನ ಕಾಪಾಡ್ತದ.

ಲ್ಯಾಬಿಗಿ ಎಎಸ್ ನಂಬರ್ 64496ರಿಂದ 64511 ಬಳಸ್ರಿ, ಉದಾಹರಣೆಗಳ ಸಲುವಾಗೇ ಎತ್ತಿಟ್ಟ ನಂಬರ್ ಅವು.

ನಾಕನೇದು: 2008ರ ಆ ರಾತ್ರಿ ನಿಮ್ಮ ಲ್ಯಾಪ್‌ಟಾಪಿನಾಗ

ಇದೇ ಈ ಮಾರ್ಗದರ್ಶಿಯ ನಡುಮನಿ, ಇಲ್ಲಿ ವಾರಗಟ್ಲೆ ಕೂತ್ರೂ ನಡೀತದ.

2008ರ ಫೆಬ್ರವರಿ 24, ನಮ್ಮ ಟೈಮಿನಾಗ 25ರ ರಾತ್ರಿ 12:17. ಪಾಕಿಸ್ತಾನದಾಗ ಯೂಟ್ಯೂಬ್ ಬಂದ್ ಮಾಡ್ರಿ ಅಂತ ಸರ್ಕಾರದ ಆದೇಶ ಬಂದಿತ್ತು, ಪಾಕಿಸ್ತಾನ್ ಟೆಲಿಕಾಂ ಅಂದ್ರ ಎಎಸ್ 17557 ತನ್ನ ಮಂದಿ ಯೂಟ್ಯೂಬಿಗಿ ಹೋಗದಂಗ ಮಾಡಾಕ 208.65.153.0/24 ಅನ್ನೋ ರೌಟ್ ಹಾಕ್ತು. ಅದು ದೇಶದ ಒಳಗೇ ಇರಬೇಕಿತ್ತು, ಹೊರಗ ಸೋರಿ ಅಪ್‌ಸ್ಟ್ರೀಮ್ (ಅದಕ್ಕ ನೆಟ್ ಕೊಡೋ ದೊಡ್ಡ ಕಂಪನಿ) ಪಿಸಿಸಿಡಬ್ಲ್ಯು ಬಲ್ಲಿ ಹೋಯ್ತು, ಅವ್ರು ಫಿಲ್ಟರ್ ಇಲ್ದ ಜಗತ್ತಿಗೆಲ್ಲಾ ಹಂಚಿದ್ರು. ಯೂಟ್ಯೂಬ್ ಅನೌನ್ಸ್ ಮಾಡ್ತಿದ್ದಿದ್ದು 208.65.152.0/22. ಗೆರಿ ಆದ ಮ್ಯಾಲಿನ ಅಂಕಿ ದೊಡ್ಡದಿದ್ದಷ್ಟು ವಿಳಾಸದ ಗುಂಪು ಸಣ್ಣದು, ಹಂಗಾಗಿ ಎರಡರಾಗ /24 ಸಣ್ಣದು, ಬಿಗಿಯಾದದ್ದು, ಅದಕ್ಕ ಎಲ್ಲರೂ ಅದನ್ನೇ ನಂಬಿದ್ರು.

ಹುಮನಾಬಾದ ಕಡಿಯಿಂದ ಬರೋವಾಗ ರಸ್ತಾದಾಗ ಕಲಬುರಗಿ ಅಂತ ದೊಡ್ಡ ಬೋರ್ಡ್ ಇರ್ತದ, ಅದರ ಬಾಜು ಯಾರೋ ಶರಣಬಸವೇಶ್ವರ ಗುಡಿಗಿ ಈ ಕಡಿ ಅಂತ ಸಣ್ಣ ಬೋರ್ಡ್ ಹಚ್ಚಿ ಹೊಲದ ಕಡಿ ತಿರುಗ್ಸಿಬಿಟ್ರ, ಊರಿಗಿ ಬರೋರು ಊರಿಗೇ ಬರ್ತಾರ, ಗುಡಿಗಿ ಬರೋರೆಲ್ಲಾ ಹೊಲಕ್ಕ ಹೋಗ್ತಾರ. ದೊಡ್ಡ ಬೋರ್ಡ್ ಖರೇ ಇದ್ರೂ ಪ್ರಯೋಜನ ಇಲ್ಲ. ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್ ಅಂದ್ರ ಇದೇ.

ಈಗ ಕಟ್ರಿ. ಐದು ರೌಟರ್: 64496 ಖರೇ ಮಾಲೀಕ, 64497 ಅವನ ಅಪ್‌ಸ್ಟ್ರೀಮ್, 64499 ತಪ್ಪು ಮಾಡೋವ, 64498 ಅವನ ಅಪ್‌ಸ್ಟ್ರೀಮ್, ಮತ್ತ 64500 ಎರಡೂ ಅಪ್‌ಸ್ಟ್ರೀಮಿಗಿ ಕೂಡಿರೋ ನೋಡೋವ. ಎರಡೂ ಅಪ್‌ಸ್ಟ್ರೀಮ್ ನಡುವೂ ಒಂದ್ ಲಿಂಕ್ ಇರ್ಲಿ. ಮಾಲೀಕನ ಕಡಿಯಿಂದ 10.65.152.0/22 ಅನೌನ್ಸ್ ಮಾಡ್ರಿ, ಅವನ ಲೂಪ್‌ಬ್ಯಾಕಿನ ಮ್ಯಾಲ 10.65.152.1 ಮತ್ತ 10.65.153.1 ಎರಡೂ ಹಾಕ್ರಿ. 64500ರಿಂದ ಎರಡಕ್ಕೂ ಪಿಂಗ್ ನಡೀಬೇಕು. ಆಮ್ಯಾಲ 64499ನಾಗ 10.65.153.0/24ಕ್ಕ ಬ್ಲ್ಯಾಕ್‌ಹೋಲ್ (ಬಂದ ಪ್ಯಾಕೆಟ್ ಒಗಿಯೋ) ಸ್ಟ್ಯಾಟಿಕ್ ರೌಟ್ ಹಾಕಿ ಅದನ್ನ ಬಿಜಿಪಿಗಿ ರೀಡಿಸ್ಟ್ರಿಬ್ಯೂಟ್ ಮಾಡ್ರಿ. ಪಿಂಗ್ ಚಾಲೂ ಇಟ್ಟೇ ಮಾಡ್ರಿ, 152.1ಕ್ಕ ಉತ್ತರ ಬರ್ಕೊಂತೇ ಇರ್ತದ, 153.1 ಒಮ್ಮಿಂದೊಮ್ಮೆ ಸತ್ತು ಹೋಗ್ತದ. ನಾನು ಮೊದಲನೇ ಸಲ ನೋಡಿದಾಗ ರಾತ್ರಿ ಹನ್ನೊಂದಾಗಿತ್ತು, ಆ ಪಿಂಗ್ ಸಾಲು ನಿಂತಿದ್ದು ನೋಡಿ ಮೈ ಜುಮ್ ಅಂತು, ಯಾಕಂದ್ರ ಮಾಲೀಕನ ರೌಟರಿನಾಗ ಒಂದಕ್ಷರ ಬದಲಾಗಿದ್ದಿಲ್ಲ.

ಯೂಟ್ಯೂಬಿನವ್ರು ಎಂಬತ್ತು ನಿಮಿಷ ಆದ ಮ್ಯಾಲ, ನಮ್ಮ ಟೈಮ್ 1:37ಕ್ಕ, ತಾವೂ ಅದೇ /24 ಅನೌನ್ಸ್ ಮಾಡಿದ್ರು. ನೀವೂ ಮಾಡ್ರಿ. ಈಗ 64500 ಬಲ್ಲಿ ಒಂದೇ ಪ್ರಿಫಿಕ್ಸಿಗಿ ಎರಡು ದಾರಿ, ಎರಡೂ ಸಮ ಉದ್ದ. ಯಾವ್ದು ಗೆದ್ದದ ನೋಡ್ರಿ, ಎಫ್‌ಆರ್‌ಆರ್ ಬೆಸ್ಟ್ ಅನ್ನೋದರ ಬಾಜು ಕಾರಣಾನೂ ಬರ್ದಿರ್ತದ, 9.1 ಓದಿದ್ದು ಇಲ್ಲಿ ಕೆಲ್ಸಕ್ಕ ಬರ್ತದ. 64498 ಮಾತ್ರ ತಪ್ಪುದಾರನ್ನೇ ಹಿಡ್ಕೊಂಡಿರ್ತದ, ಯಾಕಂದ್ರ ಅವನ ದಾರಿ ಒಂದೇ ಹೆಜ್ಜಿ. 1:48ಕ್ಕ ಯೂಟ್ಯೂಬ್ ಎರಡು /25 ಬಿಡ್ತು, ಅದನ್ನೂ ಮಾಡ್ರಿ, ಲ್ಯಾಬಿನಾಗ ಎಲ್ಲಾ ಟ್ರಾಫಿಕ್ ವಾಪಸ್ ಬರ್ತದ. ಖರೇ ಇಂಟರ್ನೆಟ್ಟಿನಾಗ /24ಕ್ಕಿಂತ ಸಣ್ಣವನ್ನ ಬಹಳ ಕಡಿ ಒಗೀತಾರ, ಅದಕ್ಕ ಇದನ್ನ ಪೂರಾ ನಂಬಾಕ ಆಗಂಗಿಲ್ಲ. ಕಡೀಗಿ 2:31ಕ್ಕ ಪಿಸಿಸಿಡಬ್ಲ್ಯು ಆ ರೌಟುಗಳನ್ನ ತಗದ್ರು, ಆವಾಗ ಮುಗೀತು.

ಇನ್ನಾ ಬಿಡಬ್ಯಾಡ್ರಿ. ಎಲ್ಲಾ ಮೊದಲಿನಂಗ ಮಾಡಿ 64498ನಾಗ ಗಿರಾಕಿಯಿಂದ ಬರೋದಕ್ಕ ಪ್ರಿಫಿಕ್ಸ್ ಲಿಸ್ಟ್ ಹಾಕ್ರಿ, ತಪ್ಪು ಅಲ್ಲೇ ಸಾಯ್ತದ. ನಾಕು ಸಾಲು ಕಾನ್ಫಿಗ್. ಅದಾದ ಮ್ಯಾಲ ಆರ್‌ಪಿಕೆಐ, ಅಂದ್ರ ಯಾವ ಪ್ರಿಫಿಕ್ಸ್ ಯಾವ ಎಎಸ್ ಹುಟ್ಟಿಸಬಹುದು ಅಂತ ಸಹಿ ಮಾಡಿದ ದಾಖಲೆ ಇಟ್ಕೊಂಡು ಪರೀಕ್ಷೆ ಮಾಡೋ ಪದ್ಧತಿ: ರೂಟಿನೇಟರ್ ಅನ್ನೋ ಸಾಫ್ಟ್‌ವೇರ್ ಹಾಕಿ, ಅದರ ಲೋಕಲ್ ಎಕ್ಸೆಪ್ಷನ್ ಫೈಲಿನಾಗ 10.65.152.0/22ನ 64496 ಮಾತ್ರ ಹುಟ್ಟಿಸಬಹುದು, ಮ್ಯಾಕ್ಸ್ ಲೆಂಥ್ (ಎಷ್ಟು ಸಣ್ಣ ಪ್ರಿಫಿಕ್ಸ್ ತನಕ ಬಿಡಬಹುದು ಅನ್ನೋ ಮಿತಿ) 22 ಅಂತ ಬರೀರಿ, ಎಫ್‌ಆರ್‌ಆರ್‌ಗಿ ಕೂಡಿಸಿ ಇನ್ವ್ಯಾಲಿಡ್ ಬಂದ್ರ ಬಿಸಾಕು ಅನ್ರಿ. ತಪ್ಪುದಾರನ /24 ಹೋಯ್ತು. ಈಗ ಮಾಲೀಕನಿಂದ /24 ಬಿಟ್ಟು ನೋಡ್ರಿ, ಅದೂ ಇನ್ವ್ಯಾಲಿಡ್ ಆಗ್ತದ! ಹಂಗಂದ್ರ ಮ್ಯಾಕ್ಸ್ ಲೆಂಥ್ 24 ಮಾಡಿಬಿಡೋದೇ ಚಲೋ ಅನಿಸ್ತದ, ಮಾಡ್ರಿ, ಮಾಡಿ 64499 ತನ್ನ ದಾರಿಯ ಕಡೀಗಿ 64496 ಅಂತ ಸುಳ್ಳು ನಂಬರ್ ಸೇರ್ಸಿ /24 ಬಿಟ್ರ ಏನಾಗ್ತದ ನೋಡ್ರಿ. ವ್ಯಾಲಿಡ್ ಅಂತ ಬರ್ತದ. ಈ ಒಂದ್ ಪ್ರಯೋಗದಾಗ ಇರೋ ತಿಳುವಳಿಕಿ ಮುಂದ ಆರ್‌ಎಫ್‌ಸಿ 9319 ಓದಿದಾಗ ನೀರಿನಂಗ ಇಳೀತದ, ಅದು 2022ರಾಗ ಇದೇ ಮ್ಯಾಕ್ಸ್ ಲೆಂಥ್ ವಿಷಯಕ್ಕಂತಲೇ ಬಂದದ್ದು.

ಐದನೇದು: ರೊಕ್ಕದ ಹಿಸಾಬ, ಎರಡು ಪೇಪರು

2001ರಾಗ ಲಿಕ್ಸಿನ್ ಗಾವ್ ಮತ್ತ ಜೆನಿಫರ್ ರೆಕ್ಸ್‌ಫರ್ಡ್ ಬರ್ದ ಪೇಪರ್ ಹುಡುಕಿ ಓದ್ರಿ, ಒಬ್ಬರ ಜೊತಿ ಒಬ್ಬರು ಕೂತು ಮಾತಾಡ್ದೇನೇ ಇಂಟರ್ನೆಟ್ ಹೆಂಗ ಸ್ಥಿರ ಇರ್ತದ ಅನ್ನೋದರ ಮ್ಯಾಲ ಅದ. ಗಿರಾಕಿಯಿಂದ ಬಂದ ರೌಟ್ ಎಲ್ಲರಿಗೂ ಹೇಳು, ಪೀರಿಂದ (ರೊಕ್ಕ ಇಲ್ದ ಸಮಾನವಾಗಿ ಕೂಡಿರೋ ನೆಟ್‌ವರ್ಕಿಂದ) ಅಥವಾ ಅಪ್‌ಸ್ಟ್ರೀಮಿಂದ ಬಂದದ್ದು ಗಿರಾಕಿಗಿ ಮಾತ್ರ ಹೇಳು, ಆರಿಸೋವಾಗ ಮೊದ್ಲು ಗಿರಾಕಿ, ಆಮ್ಯಾಲ ಪೀರ್, ಕಡೀಗಿ ಅಪ್‌ಸ್ಟ್ರೀಮ್. ಲ್ಯಾಬಿನಾಗ ಲೋಕಲ್ ಪ್ರಿಫರೆನ್ಸ್ 300, 200, 100 ಅಂತ ಇಟ್ಟು ಮಾಡ್ರಿ. ಮುಂಬೈ ಸುತ್ತಿ ಬಂದ ನನ್ನ ಪ್ಯಾಕೆಟ್ಟಿನ ಕತಿ ಇದರಾಗೇ ಅದ.

ಗ್ರಿಫಿನ್, ಶೆಫರ್ಡ್, ವಿಲ್ಫಾಂಗ್ 2002ರಾಗ ಬರ್ದದ್ದು ಗಣಿತ ಜಾಸ್ತಿ, ಆದ್ರ ಅದರಾಗ ಬ್ಯಾಡ್ ಗ್ಯಾಜೆಟ್ ಅಂತ ಒಂದ್ ಚಿತ್ರ ಅದ, ಅದರ ಸರಳ ರೂಪ ಅಂದ್ರ ನಡುವ ಒಬ್ಬ, ಸುತ್ತ ಮೂವರು, ಪ್ರತಿಯೊಬ್ಬಗೂ ಸೀದಾ ಹೋಗೋದಕ್ಕಿಂತ ಬಾಜುದವನ ಮೂಲಕ ಹೋಗೋದೇ ಇಷ್ಟ. ಕಟ್ಟಿ ಬಿಡ್ರಿ, ದಾರಿ ಎಂದಿಗೂ ನಿಲ್ಲಂಗಿಲ್ಲ, ತಿರುಗ್ಕೊಂತೇ ಇರ್ತದ. ಪೂರಾ ಪೇಪರ್ ತಿಳೀಲಿಲ್ಲ ಅಂದ್ರೂ ಇದೊಂದ್ ಮಾಡ್ರಿ.

ಆರನೇದು: ದೊಡ್ಡ ನೆಟ್‌ವರ್ಕ್ ಡಿಸೈನ್

ಐಎಸ್‌ಪಿ ಡಿಸೈನಿಗಿ ಒಂದ್ ಸೂತ್ರ ಹಿಡೀರಿ: ಓಎಸ್‌ಪಿಎಫ್ ಅಥವಾ ಅದರಂಥದ್ದೇ ಐಎಸ್ಐಎಸ್‌ನಾಗ ಲೂಪ್‌ಬ್ಯಾಕ್ ಮತ್ತ ನಡುವಿನ ಲಿಂಕ್ ಮಾತ್ರ ಇರ್ಲಿ, ಗಿರಾಕಿಗಳದ್ದೆಲ್ಲಾ ಐಬಿಜಿಪಿನಾಗ (ಒಂದೇ ಎಎಸ್ ಒಳಗಿನ ಬಿಜಿಪಿ) ಇರ್ಲಿ. ಐಬಿಜಿಪಿನಾಗ ಎಲ್ಲರೂ ಎಲ್ಲರ ಜೊತಿ ಕೂಡಬೇಕು, 10 ರೌಟರಿಗಿ 45 ಸೆಷನ್, 100 ಆದ್ರ 4,950. ಇಲ್ಲಿಗಿ ಬಂದಾಗ 4456 ತಗದು ಓದ್ರಿ, ರೌಟ್ ರಿಫ್ಲೆಕ್ಟರ್ ಯಾಕ ಬೇಕಂತ ಯಾರೂ ಹೇಳೋದು ಬ್ಯಾಡ. ಫಿಲಿಪ್ ಸ್ಮಿತ್ ಅವ್ರ ಬಿಜಿಪಿ ಟ್ಯುಟೋರಿಯಲ್ ಸ್ಲೈಡುಗಳು ಪುಕ್ಕಟ ಸಿಗ್ತಾವ, ಐಎಸ್‌ಪಿ ಕೆಲ್ಸಕ್ಕ ಅದಕ್ಕಿಂತ ಚಲೋದು ನಾ ನೋಡಿಲ್ಲ. ಏಷ್ಯಾ ಪೆಸಿಫಿಕ್ ಕಡಿ ಐಪಿ ವಿಳಾಸ ಹಂಚೋ ಏಪ್ನಿಕ್ ಸಂಸ್ಥೆಯ ಅಕಾಡೆಮಿದಾಗ ಪುಕ್ಕಟ ಕೋರ್ಸು, ಬ್ರೌಸರಿನಾಗೇ ನಡಿಯೋ ಲ್ಯಾಬು ಅವ.

ಡೇಟಾ ಸೆಂಟರ್ ಬ್ಯಾರೆನೇ ಲೋಕ. ಚಾರ್ಲ್ಸ್ ಕ್ಲಾಸ್ ಅನ್ನೋರು 1953ರಾಗ ಟೆಲಿಫೋನ್ ಎಕ್ಸ್‌ಚೇಂಜಿಗಿ ಮಾಡಿದ ಲೆಕ್ಕ ಇವತ್ತಿನ ಲೀಫ್ ಸ್ಪೈನ್ (ಕೆಳಗಿನ ಪ್ರತಿ ಸ್ವಿಚ್ಚೂ ಮ್ಯಾಲಿನ ಎಲ್ಲಾ ಸ್ವಿಚ್ಚಿಗೂ ಕೂಡಿರೋ ರಚನೆ) ಆಗಿ ನಿಂತದ. 7938 ಓದ್ರಿ, ಒಳಗೂ ಇಬಿಜಿಪಿನೇ (ಬ್ಯಾರೆ ಬ್ಯಾರೆ ಎಎಸ್ ನಡುವಿನ ಬಿಜಿಪಿ) ಬಳಸ್ತಾರ, ಒಂದೊಂದ್ ರ‍್ಯಾಕಿಗಿ ಒಂದೊಂದ್ ಎಎಸ್ ನಂಬರ್, ಮ್ಯಾಲಿನ ಸ್ಪೈನುಗಳಿಗೆಲ್ಲಾ ಒಂದೇ ನಂಬರ್. ಯಾಕ ಒಂದೇ ಅಂತ ವಿಚಾರ ಮಾಡ್ರಿ, ಬ್ಯಾರೆ ಬ್ಯಾರೆ ಕೊಟ್ಟು ಒಂದ್ ಲಿಂಕ್ ಕಿತ್ತು ನೋಡ್ರಿ, ಸತ್ತ ರೌಟಿನ ಹಳೇ ದಾರಿಗಳನ್ನ ಒಂದೊಂದಾಗಿ ಹುಡುಕ್ಕೊಂತ ಕೂಡ್ತದ. ಅದಾದ ಮ್ಯಾಲ ಗೂಗಲ್‌ನವ್ರು ತಮ್ಮ ಜುಪಿಟರ್ ನೆಟ್‌ವರ್ಕ್ ಬಗ್ಗೆ 2015ರಾಗ, ಫೇಸ್‌ಬುಕ್‌ನವ್ರು ಡೇಟಾ ಸೆಂಟರ್ ಬಿಜಿಪಿ ಬಗ್ಗೆ 2021ರಾಗ ಬರ್ದ ಪೇಪರ್ ಓದ್ರಿ.

ಪುಸ್ತಕ ಎರಡೇ ಹೇಳ್ತೀನಿ. ಸ್ಪ್ಯಾನಿಂಗ್ ಟ್ರೀ (ಸ್ವಿಚ್ಚುಗಳ ನಡುವ ಲೂಪ್ ತಡಿಯೋ ಪದ್ಧತಿ) ಕಂಡು ಹಿಡಿದ ರೇಡಿಯಾ ಪರ್ಲ್‌ಮನ್ ಅವರ ಇಂಟರ್‌ಕನೆಕ್ಷನ್ಸ್, ಎರಡನೇ ಆವೃತ್ತಿ. ಹಳೇದು ಅಂತ ಬಿಡಬ್ಯಾಡ್ರಿ, ಪ್ರೋಟೋಕಾಲ್ ಹಿಂಗೇ ಯಾಕ ಆಯ್ತು ಅನ್ನೋದು ಹಂಗ ಹೇಳೋರು ಕಡಿಮಿ. ಇನ್ನೊಂದು ಓಎಸ್‌ಪಿಎಫ್ ಮ್ಯಾಲ ಜಾನ್ ಮಾಯ್ ಬರ್ದದ್ದು, ಆರ್‌ಎಫ್‌ಸಿ 2328 ಬರ್ದವ್ರೂ ಅವ್ರೇ.

ಏಳನೇದು: ಬೇರೆಯವರ ತಪ್ಪು ಓದೋದು

2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಎಲ್ಲಾ ನಿಂತಿದ್ದು ನಿಮ್ಗ ನೆನಪಿರಬೇಕು. ಬ್ಯಾಕ್‌ಬೋನ್ ಮೇಂಟೆನೆನ್ಸ್‌ನಾಗ ಕೊಟ್ಟ ಒಂದ್ ಕಮಾಂಡಿನಿಂದ ಡೇಟಾ ಸೆಂಟರ್ ಎಲ್ಲಾ ಬ್ಯಾರೆ ಆದವು, ಡಿಎನ್ಎಸ್ ಸರ್ವರುಗಳು ನಮ್ಮ ಆರೋಗ್ಯ ಸರಿ ಇಲ್ಲ ಅಂತ ತಮ್ಮ ಬಿಜಿಪಿ ಅನೌನ್ಸ್‌ಮೆಂಟ್ ತಾವೇ ವಾಪಸ್ ತಗೊಂಡ್ವು. ಕಂಪನಿನೇ ಬರ್ದ ವರದಿ ಅದ, ಓದಿ ಬಿಜಿಪ್ಲೇನಾಗ ಎಎಸ್ 32934ರ ಪ್ರಿಫಿಕ್ಸ್ ಆ ತಾರೀಖಿಗಿ ಓಡ್ಸಿ ನೋಡ್ರಿ. ಕೆನಡಾದ ರಾಜರ್ಸ್ 2022ರ ಜುಲೈ 8ಕ್ಕ ನಿಂತಿದ್ದೂ ಓದ್ರಿ, ಒಂದ್ ಫಿಲ್ಟರ್ ತಗದಿದ್ದಕ್ಕ ಕೋರ್ ರೌಟರುಗಳ ಮ್ಯಾಲ ರೌಟ್ ಸುರಿದು ಮುಳುಗಿದ್ವು.

ನಮ್ಮ ಕತಿನೂ ಒಂದದ. ನಾನು ಮೊದ್ಲು ಕೆಲ್ಸ ಮಾಡ್ತಿದ್ದ ಒಂದ್ ಸಣ್ಣ ಐಎಸ್‌ಪಿಗಿ ಎರಡು ಅಪ್‌ಸ್ಟ್ರೀಮ್ ಇದ್ವು. ಎರಡನೇದು ಕೂಡಿಸೋ ದಿನ ಹೊರಗಿನ ಫಿಲ್ಟರ್ ನಾಳಿ ಹಾಕೋಣ ಅಂತ ಬಿಟ್ವಿ, ಮೊದಲನೇಯವನಿಂದ ಬಂದ ಇಡೀ ಟೇಬಲ್ ಎರಡನೇಯವನಿಗಿ ಹೋಯ್ತು. ಅವ ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ ಇಟ್ಟಿದ್ದ, ಕ್ಷಣದಾಗ ಸೆಷನ್ ಕಡೀತು, ಅವನ ಕಡಿಯವ್ರು ಕೈಯಾರೆ ಎತ್ತೋತನಕ ಎರಡು ತಾಸು ನಮ್ಮ ಅರ್ಧ ಗಿರಾಕಿಗಳಿಗಿ ನೆಟ್ ಇಲ್ಲ. ಪರೀಕ್ಷೆ ಫಾರ್ಮ್ ತುಂಬೋ ಕಡೀ ದಿನ ಅದು, ಹುಡುಗ್ರು ಆಫೀಸಿನ ಎದುರಿಗಿ ಬಂದು ನಿಂತಿದ್ರು. ಆ ಮಿತಿ ಇರಲಿಲ್ಲ ಅಂದ್ರ ನಮ್ಮ ಸಣ್ಣ ಪೈಪಿನಾಗ ಯಾರ್ಯಾರದೋ ಟ್ರಾಫಿಕ್ ಬರ್ತಿತ್ತು. ಅದಕ್ಕೇ ರೌಟ್‌ಮ್ಯಾಪ್ ಮೊದಲನೇ ದಿನದಿಂದ ಅಂತ ಮ್ಯಾಲ ಅಷ್ಟು ಒತ್ತಿ ಹೇಳ್ದೆ.

ಖರೇ ರೌಟರ್ ಮ್ಯಾಲ ಮೊದಲನೇ ಸಲ ಕೈ ಇಡೋವಾಗ

ಬದಲಾವಣಿ ಮಾಡೋಕ ಮುಂಚೆ ಅದೇ ಕಾನ್ಫಿಗ್ ಲ್ಯಾಬಿನಾಗ ಓಡ್ಸಿರಬೇಕು. ಸೆಷನ್ ಏರಿಸೋಕ ಮೊದ್ಲು ಫಿಲ್ಟರ್ ಹಾಕಿರಬೇಕು, ಏರಿದ ಮ್ಯಾಲ ಎದುರಿನವನಿಗಿ ನಾವು ಏನೇನ್ ಕೊಡ್ಲತೀವಿ ಅಂತ ಅಡ್ವರ್ಟೈಸ್ಡ್ ರೌಟ್ಸ್ ನೋಡಿ ಎಣಿಸ್ರಿ, ನಾಕು ಪ್ರಿಫಿಕ್ಸ್ ಇರೋ ಜಾಗದಾಗ ಐದು ಕಂಡ್ರೂ ತಕ್ಷಣ ಇಳಿಸ್ರಿ. ಜುನಿಪರ್ ಇದ್ರ ಕಮಿಟ್ ಕನ್ಫರ್ಮ್ಡ್ ಅಂತ ಹೊಡೀರಿ, ಹತ್ತು ನಿಮಿಷದಾಗ ನೀವು ಮತ್ತೊಮ್ಮೆ ಕಮಿಟ್ ಮಾಡ್ಲಿಲ್ಲ ಅಂದ್ರ ಅದೇ ಹಳೇದಕ್ಕ ತಿರುಗ್ತದ. ಸಿಸ್ಕೋದಾಗ ಹಳೇ ಮಂದಿ ರೀಲೋಡ್ ಇನ್ 10 ಅಂತ ಹೊಡ್ದು ಕೆಲ್ಸ ಶುರು ಮಾಡ್ತಾರ, ಕೆಲ್ಸ ಸರಿ ಆಯ್ತು ಅಂದ್ರ ರೀಲೋಡ್ ಕ್ಯಾನ್ಸಲ್ ಮಾಡ್ತಾರ, ಇದರಾಗ ಕಾನ್ಫಿಗ್ ಸೇವ್ ಮಾಡೋದು ಕ್ಯಾನ್ಸಲ್ ಮಾಡಿದ ಮ್ಯಾಲ, ಮೊದ್ಲು ಅಲ್ಲ. ಯಾದಗಿರಿ ಟವರಿನಾಗಿರೋ ರೌಟರನ್ನ ಕಲಬುರಗಿಯಿಂದ ಮುಟ್ಟೋವಾಗ ಇದು ಇಲ್ದ ಎಂಟರ್ ಒತ್ತಬ್ಯಾಡ್ರಿ, ಕೈ ತಪ್ಪಿ ಸಂಪರ್ಕ ಕಡಿದ್ರ ರಾತ್ರೋರಾತ್ರಿ ಗಾಡಿ ಹತ್ತಿ ಹೋಗಿ ಕನ್ಸೋಲ್ ಕೇಬಲ್ ಹಚ್ಚೋದೇ ಉಳಿಯೋ ದಾರಿ.